ಅಕ್ಕನ ಪಾಲಿಗೆ ಬಂದ ಸಾಲ್ಮನ್

ಅಕ್ಕನಿಗೆ ಎರೆಹುಳು ಕಂಡರೆ ಮೈ ಜುಂ ಅನ್ನುತ್ತಿತ್ತು. ಮೀನು ತಿನ್ನುತ್ತಿರಲಿಲ್ಲವೆಂದಲ್ಲ, ನನಗಿಂತ ಚೆನ್ನಾಗಿಯೇ ತಿನ್ನುತ್ತಿದ್ದಳು. ಆದರೆ ಮೀನು ಹುಳಿ-ಖಾರದಲ್ಲಿ ಬೆಂದು ತಟ್ಟೆಗೆ ಬಂದ ಮೇಲೆ ಮಾತ್ರ ಅವಳಿಗೂ ಅದಕ್ಕೂ ಪರಿಚಯ. ಅದಕ್ಕೆ ಮೊದಲು ಅದು ಎಲ್ಲಿತ್ತು, ಯಾವ ಕೆಸರಿನಲ್ಲಿ ಬೆಳೆಯಿತು, ಯಾವ ಹೊತ್ತಿನಲ್ಲಿ ಗಾಳಕ್ಕೆ ಬಾಯಿ ಹಾಕಿತು ಎಂಬುದೆಲ್ಲ ಅವಳಿಗೆ ಬೇಡದ ಸುದ್ದಿ. ಅಂಥ ಅಕ್ಕನಿಗೆ ಅಲಾಸ್ಕದ ಸಮುದ್ರದಲ್ಲಿ, ಗೈಡ್ ಜೊತೆ ದೋಣಿಯಲ್ಲಿ ಕೂತು ಸಾಲ್ಮನ್ ಮತ್ತು ಹ್ಯಾಲಿಬಟ್ ಹಿಡಿಯುವ ಪ್ರವಾಸ ಒಲಿದು ಬಂತು. ಅದಕ್ಕೆ ಕೂತು ಯೋಜನೆ ಹಾಕಿಕೊಟ್ಟವಳು ನಾನು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಶಿಕಾರಿಪುರದ ಸುತ್ತ ಹೊಲ ಹೊಲವೂ ಮೆಕ್ಕೆಜೋಳಕ್ಕೆ ತಿರುಗಿದ್ದ ಕಾಲ. ಅಕ್ಕನ ಗಂಡನದು ಶಿಕಾರಿಪುರದಲ್ಲಿ ಬೀಜ-ಗೊಬ್ಬರದ ಅಂಗಡಿ. ಹೊರದೇಶದ ಯಾವುದೋ ಕಂಪನಿಯ ಹೈಬ್ರಿಡ್ ಬೀಜವನ್ನು ಭಾವ ಎಷ್ಟು ಮಾರಿದ್ದರೆಂದರೆ, ಆ ಕಂಪನಿಯವರು ಅವರಿಗೆ ಗಂಡ-ಹೆಂಡತಿ ಇಬ್ಬರೂ ಹೋಗಿಬರುವ ಪ್ರವಾಸವನ್ನು ಬಹುಮಾನವಾಗಿ ಕೊಟ್ಟರು. ಬೇರೆ ಕಂಪನಿಗಳು ಸಿಂಗಪುರಕ್ಕೋ ಬ್ಯಾಂಕಾಕಿಗೋ ಕಳಿಸುತ್ತಿದ್ದವು. ಈ ಕಂಪನಿಯ ದೊಡ್ಡ ಯಜಮಾನನಿಗೆ ಮೀನು ಹಿಡಿಯುವ ಹುಚ್ಚು. ಹಾಗಾಗಿ ಅವನಿಗೆ ಇಷ್ಟವಾದ ಕಡೆಗೇ ಎಲ್ಲರನ್ನೂ ಕಳಿಸುತ್ತಿದ್ದ.

ನಾನು ಆಗ ಸೊರಬದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಮದುವೆಯಾಗಿರಲಿಲ್ಲ. ಅಪ್ಪ ನನ್ನ ಜೊತೆಗಿದ್ದರು. ಅಕ್ಕ, ನಾನು ಇಬ್ಬರೂ ಶಾಲೆಗೆ ಹೋಗುವಾಗಲೇ ಅಮ್ಮ ತೀರಿಕೊಂಡಿದ್ದಳು. ಆಮೇಲೆ ಅಡುಗೆ ಮನೆ ಅಕ್ಕನದಾಯಿತು, ಕೆರೆ ದಂಡೆ ನನ್ನದಾಯಿತು. ಅಪ್ಪ ಸಂಜೆ ಗದ್ದೆಯಿಂದ ಬಂದು ಕೈಕಾಲು ತೊಳೆಯದೆ ಹಾಗೇ ಗಾಳದ ಕೋಲು ತೆಗೆದುಕೊಂಡರೆ, ಹುಳದ ಕರಟ ಹಿಡಿದು ಹಿಂದೆ ಹೊರಡುವವಳು ನಾನು. ಬೆಂಡು ಹೇಗೆ ಮುಳುಗಿದರೆ ಮುರುಗೋಡು ಮೀನು, ಹೇಗೆ ಪಕ್ಕಕ್ಕೆ ಜಾರಿದರೆ ಕುಚ್ಚು ಎಂದು ನನಗೆ ಕಲಿಸಿದ್ದು ಅವರು. ಮಾತು ಬಹಳ ಆಡುತ್ತಿರಲಿಲ್ಲ. "ಈಗ" ಅನ್ನುತ್ತಿದ್ದರು, ನಾನು ಎಳೆಯುತ್ತಿದ್ದೆ. ಆ "ಈಗ" ಎನ್ನುವ ಮಾತು ನನ್ನದೊಬ್ಬಳದೇ ಎಂದು ನಾನು ತಿಳಿದುಕೊಂಡಿದ್ದೆ.

ಅಕ್ಕ ಕೆಟ್ಟವಳಲ್ಲ. ಯಾರು ಬಂದರೂ ಊಟ ಹಾಕದೆ ಕಳಿಸುವವಳಲ್ಲ. ಹಬ್ಬಕ್ಕೆ ನನಗೆ ಸೀರೆ ಕೊಡುವಾಗ ತನಗಿಂತ ಒಳ್ಳೆಯದನ್ನೇ ಕೊಡುತ್ತಿದ್ದಳು. ಆದರೆ ಅವಳಿಗೆ ಏನು ಬೇಡವೋ ಅದೆಲ್ಲ ಅವಳನ್ನು ಹುಡುಕಿಕೊಂಡು ಬರುತ್ತಿತ್ತು, ಅದು ಅವಳ ಹಣೆಬರಹ. ಶಿವಮೊಗ್ಗದಲ್ಲಿ ಓದಬೇಕೆಂದು ಹಂಬಲಿಸಿದವಳು ನಾನು, ಹಾಸ್ಟೆಲ್ ಸೀಟು ಸಿಕ್ಕಿದ್ದು ಅವಳಿಗೆ. ಹೋದಳು, ಊಟ ಸರಿಯಿಲ್ಲ ಅಂದಳು, ವರ್ಷ ತುಂಬುವ ಮೊದಲೇ ಬಿಟ್ಟು ಬಂದಳು. ನಾನು ಆ ಓದನ್ನೆಲ್ಲ ಅಂಚೆಯ ಮೂಲಕ, ಬಸ್ಸಿನಲ್ಲಿ ತೂಕಡಿಸುತ್ತ ಮುಗಿಸಿದೆ.

ಆ ಭಾನುವಾರ ಭಾವ ಫೋನು ಮಾಡಿ, "ಟೀಚರ್ರೆ, ಒಂದ್ಸಲ ಬಂದು ಹೋಗ್ರಿ. ಕಂಪನಿಯಿಂದ ದೊಡ್ಡ ಕವರ್ ಬಂದೈತಿ. ಎಲ್ಲಾ ಇಂಗ್ಲಿಷಿನ್ಯಾಗೈತಿ, ನನಗ ತಲಿಬುಡ ತಿಳೀವಲ್ದು" ಎಂದರು. ನಾನು ಬೆಳಗಿನ ಬಸ್ಸು ಹಿಡಿದೆ. ಶಿರಾಳಕೊಪ್ಪದಲ್ಲಿ ಸಂತೆಯ ದಿನವಲ್ಲದಿದ್ದರೂ ಬಸ್ಸು ತುಂಬಿತು. ನಿಂತುಕೊಂಡೇ ಶಿಕಾರಿಪುರ ಮುಟ್ಟಿದೆ.

ಅಕ್ಕ ಕಾಫಿ ಕೊಟ್ಟು, ಕವರನ್ನು ನನ್ನ ತೊಡೆಯ ಮೇಲೆ ಇಟ್ಟಳು. ಒಳಗೆ ಬಣ್ಣಬಣ್ಣದ ಪುಸ್ತಕ. ಮೊದಲ ಪುಟದಲ್ಲಿ ಹಿಮ ಹೊತ್ತ ಬೆಟ್ಟ, ಅದರ ಕೆಳಗೆ ಕಪ್ಪಗಿನ ನೀರು, ನೀರಿನ ಮೇಲೆ ಬಿಳಿಯ ದೋಣಿ. ಪುಟ ತಿರುಗಿಸಿದರೆ ಒಬ್ಬ ಹೆಂಗಸು ತೋಳುದ್ದದ ಬೆಳ್ಳಿ ಮೀನನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಇನ್ನೊಂದು ಪುಟದಲ್ಲಿ ಬಾಗಿಲಿನ ಹಲಗೆಯಷ್ಟು ಅಗಲದ ಚಪ್ಪಟೆ ಮೀನನ್ನು ತೂಗುಹಾಕಿ, ಅದರ ಪಕ್ಕ ಗಂಡಸರು ಸಾಲಾಗಿ ನಿಂತಿದ್ದರು. ನಾನು ಆ ಪುಟ ತಿರುಗಿಸಲಿಲ್ಲ.

"ಏನಂತೆ?" ಎಂದಳು ಅಕ್ಕ.

"ಇದು ಹ್ಯಾಲಿಬಟ್ ಅಂತ. ಸಮುದ್ರದ ತಳದಾಗೆ ಮಲಗಿರ್ತದೆ. ಎರಡೂ ಕಣ್ಣು ಒಂದೇ ಮಗ್ಗುಲಿಗೆ."

"ಥೂ, ಅದನ್ನ ಯಾರು ಮುಟ್ಟಾದು?"

"ನೀನೇ ಕಣೆ. ಅದಕ್ಕೇ ಕರೀತಿದಾರೆ."

ಭಾವ ಜೋರಾಗಿ ನಕ್ಕರು. ಅಕ್ಕನೂ ನಕ್ಕಳು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ನನ್ನನ್ನು ಯಾಕೆ ಕರೆಯಲಿಲ್ಲ ಎಂದು ಯಾರನ್ನು ಕೇಳುವುದು? ನಾನು ಯಾರಿಗೂ ಬೀಜ ಮಾರಿರಲಿಲ್ಲ.

ಕಂಪನಿ ಬಹಳ ಪ್ರಶ್ನೆ ಕೇಳಿತ್ತು. ಎಷ್ಟು ದಿನ ಸಮುದ್ರಕ್ಕೆ ಹೋಗುತ್ತೀರಿ, ಎಷ್ಟು ದಿನ ನದಿಗೆ? ದೋಣಿಯಲ್ಲಿ ತಲೆ ಸುತ್ತುತ್ತದೆಯೇ? ಬೂಟಿನ ಅಳತೆ ಏನು? ತೂಕವೆಷ್ಟು? ಅಕ್ಕ ತೂಕ ಹೇಳಲು ಒಪ್ಪಲಿಲ್ಲ. "ಅಂದಾಜು ಹಾಕ್ಯ" ಎಂದಳು. ಕೊನೆಯಲ್ಲಿ, ಮೊದಲು ಮೀನು ಹಿಡಿದ ಅನುಭವ ಇದೆಯೇ ಎಂಬ ಪ್ರಶ್ನೆ. ಇಲ್ಲ, ಸ್ವಲ್ಪ ಇದೆ, ಚೆನ್ನಾಗಿದೆ ಎಂದು ಮೂರು ಚೌಕ.

"ನಂದು ಇಲ್ಲ ಅಂತ ಹಾಕು" ಎಂದು ಅಕ್ಕ ಏಳುತ್ತ, ಸುಮ್ಮನೆ ಕೇಳಿದಳು, "ನೀನಾಗಿದ್ರೆ ಯಾವುದಕ್ಕೆ ಹಾಕ್ತಿದ್ದೆ?"

ನಾನು ಮೊದಲ ಚೌಕಕ್ಕೆ ಗುರುತು ಹಾಕಿದೆ. ಅವಳು ಒಳಗೆ ಹೋದಳು, ಒಗ್ಗರಣೆಯ ಸದ್ದು ಬಂತು.

ಅಂದಿನಿಂದ ಹೆಚ್ಚುಕಡಿಮೆ ಪ್ರತಿ ಭಾನುವಾರ ನಾನು ಶಿಕಾರಿಪುರಕ್ಕೆ ಹೋಗತೊಡಗಿದೆ. ಶಾಲೆಯ ದೊಡ್ಡ ಅಟ್ಲಾಸಿನಲ್ಲಿ ಆ ಕರಾವಳಿಯನ್ನು ಬೆರಳಿನಲ್ಲಿ ಸವರಿ ಸವರಿ ಅಲ್ಲಿನ ದ್ವೀಪಗಳೆಲ್ಲ ನನಗೆ ಬಾಯಿಪಾಠವಾದವು. ನದಿ ಬೇಡ, ಸಮುದ್ರವೇ ಹೆಚ್ಚಿರಲಿ ಎಂದು ನಾನೇ ನಿರ್ಧರಿಸಿದೆ. ಹ್ಯಾಲಿಬಟ್ಟಿಗೆ ನೀರಿನ ಸೆಳೆತ ಕಡಿಮೆಯಿರುವ ಹೊತ್ತು ಬೇಕಂತೆ, ಆಗ ಗಾಳಕ್ಕೆ ಕಟ್ಟಿದ ತೂಕದ ಗುಂಡು ನೇರವಾಗಿ ತಳಕ್ಕಿಳಿಯುತ್ತದಂತೆ. ಅದು ಕಷ್ಟದ ಕೆಲಸ, ಹಾಗಾಗಿ ಮೊದಲ ದಿನ ಸಾಲ್ಮನ್, ಕೈ ಪಳಗಿದ ಮೇಲೆ ಹ್ಯಾಲಿಬಟ್ ಎಂದು ಯೋಜನೆ ಹಾಕಿದೆ. ಮಧ್ಯೆ ಒಂದು ದಿನ ವಿಶ್ರಾಂತಿ, ಅಕ್ಕನ ಸೊಂಟಕ್ಕಾಗಿ. ಊಟದ ಪ್ರಶ್ನೆಗೆ ದನದ ಮಾಂಸ ಬೇಡ, ಹಂದಿ ಬೇಡ, ಅನ್ನ ಬೇಕು ಎಂದು ಬರೆದೆ. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟುವುದು ಅಕ್ಕನ ಕೆಲಸ. ಉಳಿದದ್ದೆಲ್ಲ ನನ್ನದು. ಕಂಪನಿಯವರಿಂದ ತಿರುಗಿ ಬಂದ ಪತ್ರದಲ್ಲಿ, ನಿಮ್ಮ ಯೋಜನೆ ಬಹಳ ಚೆನ್ನಾಗಿದೆ, ಹೀಗೆ ಆಲೋಚಿಸಿ ಕಳಿಸಿದವರು ಕಡಿಮೆ ಎಂದು ಬರೆದಿದ್ದರು. ಅದರ ಮೇಲೆ ಅಕ್ಕನ ಹೆಸರಿತ್ತು.

ಆ ಪತ್ರವನ್ನು ನಾನು ಓದಿ ಹೇಳಿದಾಗ ಅಕ್ಕನಿಗೆ ಖುಷಿಯೋ ಖುಷಿ. "ನೋಡ್ರಿ, ನನ್ನ ಹೊಗಳಿದಾರೆ" ಎಂದು ಭಾವನಿಗೆ ತೋರಿಸಿದಳು. ತಮಾಷೆಗೇ ಅಂದದ್ದು. ಆದರೂ ನಾನು ಅವತ್ತು ಊಟಕ್ಕೆ ನಿಲ್ಲದೆ, ಶಾಲೆಯ ಪೇಪರು ತಿದ್ದುವುದಿದೆ ಎಂದು ಹೊರಟುಬಿಟ್ಟೆ.

ಅಪ್ಪನಿಗೆ ಸುದ್ದಿ ಹೇಳಿದ್ದು ನಾನೇ. ಅವರು ಹಿತ್ತಲಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದರು. ಪುಸ್ತಕದ ಚಿತ್ರ ತೋರಿಸಿ, ಸಾಲ್ಮನ್ ಎಂಬ ಮೀನು ಹಳ್ಳದಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ದೊಡ್ಡದಾಗಿ, ಮೊಟ್ಟೆಯಿಡಲು ಹುಟ್ಟಿದ ಹಳ್ಳಕ್ಕೇ ನೀರಿಗೆದುರಾಗಿ ಹತ್ತಿ ಬರುತ್ತದೆ ಎಂದು ಓದಿ ಹೇಳಿದೆ.

ಅಪ್ಪ ಚಿತ್ರವನ್ನು ದೂರ ಹಿಡಿದು ನೋಡಿದರು. "ಹತ್ ಮೀನು ಕಣೆ ಇದು" ಎಂದರು. "ಮೊದಲ ಮಳೆಗೆ ನಮ್ಮ ಗದ್ದೆಗೆ ಹತ್ತಿ ಬರ್ತಾವಲ, ಅದೇಯ. ಅವರದ್ದು ದೊಡ್ಡದು, ಅಷ್ಟೇಯ."

ಮುಂಗಾರಿನ ಮೊದಲ ನೀರಿಗೆ ಕೆರೆಯ ಮೀನು ಕಾಲುವೆ ಹಿಡಿದು ಗದ್ದೆಗೆ ಹತ್ತುವುದನ್ನು ನಾವಿಬ್ಬರೂ ಎಷ್ಟು ಸಲ ನೋಡಿದ್ದೆವು. ನನಗೆ ಅದು ಹೊಳೆದಿರಲಿಲ್ಲ. ಅಪ್ಪ ಒಂದೇ ನೋಟಕ್ಕೆ ಹಿಡಿದುಬಿಟ್ಟರು. ಆ ಸಂತೋಷದಲ್ಲಿ ನನ್ನ ಹೊಟ್ಟೆಕಿಚ್ಚು ಒಂದು ಗಳಿಗೆ ಮರೆತೇ ಹೋಗಿತ್ತು. ಅಷ್ಟರಲ್ಲಿ ಅಪ್ಪ ಅಂದರು, "ಅವಳಿಗೆ ಕೋಲು ಹಿಡಿಯಾಕೆ ಬರಾದಿಲ್ಲ. ಅಷ್ಟು ದೂರ ಹೋಗಿ ಬರಿಗೈಲಿ ಬಂದ್ರೆ ಹ್ಯಾಂಗೆ? ನಾನೇ ಹೋಗಿ ಕಲಿಸ್ತೀನಿ."

ಮುಂದಿನ ಭಾನುವಾರವೇ ಅಪ್ಪ ನನ್ನ ಜೊತೆ ಬಸ್ಸು ಹತ್ತಿದರು. ವಾಟೆ ಬಿದಿರಿನ ಕೋಲುಗಳನ್ನು ಬಟ್ಟೆಯಲ್ಲಿ ಸುತ್ತಿ, ಸೀಟಿನ ನಡುವೆ ನಿಲ್ಲಿಸಿಕೊಂಡರು. ಭಾವ ಜೀಪಿನಲ್ಲಿ ಎಲ್ಲರನ್ನೂ ಅಂಜನಾಪುರದ ಹಿನ್ನೀರಿಗೆ ಕರೆದುಕೊಂಡು ಹೋದರು. ಬೇಸಿಗೆ ಹತ್ತಿರವಾಗಿ ನೀರು ಹಿಂದೆ ಸರಿದಿತ್ತು, ದಂಡೆಯ ಮಣ್ಣು ಬಿರುಕು ಬಿಟ್ಟಿತ್ತು. ಅಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಮೂಗು ಮುರಿಯುತ್ತ ಅಪ್ಪನ ಪಕ್ಕ ಕೂತಳು. ಹುಳ ಮುಟ್ಟಲಾರೆ ಅಂದಳು. ಅಪ್ಪ ಬೈಯಲಿಲ್ಲ. ಗೋದಿ ಹಿಟ್ಟಿಗೆ ಬೆಲ್ಲ ಹಾಕಿ ಕಲಸಿದ ಉಂಡೆಯನ್ನು ಜೇಬಿನಿಂದ ತೆಗೆದರು. ಮನೆಯಿಂದಲೇ ಮಾಡಿಕೊಂಡು ತಂದಿದ್ದರು. ನಾನು ಆರು ವರ್ಷದವಳಿದ್ದಾಗ ಹುಳ ಜಾರುತ್ತದೆ ಎಂದು ಅತ್ತಿದ್ದಕ್ಕೆ, "ಅತ್ರೆ ಮೀನು ಬರಾದಿಲ್ಲ" ಎಂದವರು ಇವರೇ.

ನಾನು ಸ್ವಲ್ಪ ದೂರದಲ್ಲಿ ನನ್ನ ಕೋಲು ಹಾಕಿ ಕೂತೆ. ಕಿವಿ ಮಾತ್ರ ಆ ಕಡೆಗೇ ಇತ್ತು. ಅಪ್ಪ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಮಣಿಕಟ್ಟು ಸಡಿಲ ಬಿಡು, ಬೆಂಡನ್ನೇ ದುರುಗುಟ್ಟಿ ನೋಡಬೇಡ, ಅದರ ಸುತ್ತಲ ನೀರು ನೋಡು, ನಿನ್ನ ಅಮ್ಮನೂ ಹಿಂಗೇ ಎಡಗೈಯಲ್ಲಿ ಹಿಡೀತಿದ್ಲು. ಅಮ್ಮ ಗಾಳ ಹಾಕುತ್ತಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ. ನನ್ನ ಜೊತೆ ಅಷ್ಟು ವರ್ಷ ಕೂತರೂ ಅಪ್ಪ ಅದನ್ನು ಹೇಳಿರಲಿಲ್ಲ. ಅಕ್ಕ ಎಡಚಿ. ಅವಳ ಕೈ ನೋಡಿ ಅವರಿಗೆ ನೆನಪಾಯಿತು. ನನ್ನ ಕೈ ನೋಡಿ ಏನೂ ನೆನಪಾಗುವಂತಿರಲಿಲ್ಲ.

"ಈಗ" ಎಂದರು ಅಪ್ಪ.

ಅಕ್ಕ ಎಳೆದಳು. ಕೋಲು ಬಿಲ್ಲಿನ ಹಾಗೆ ಬಗ್ಗಿತು. ಅವಳು ಬಿಡಲಿಲ್ಲ, ಹಿಂದಕ್ಕೆ ಹೆಜ್ಜೆ ಹಾಕುತ್ತ ಹಾಕುತ್ತ ದಂಡೆಗೆ ಎಳೆದೇ ಬಿಟ್ಟಳು. ಕಾಟ್ಲಾ ಮೀನು, ಎಳೆ ಮಗುವಿನಷ್ಟು ತೂಕ. ಭಾವ ಓಡಿ ಹೋಗಿ ಅದರ ಮೇಲೆ ಬಿದ್ದು ಹಿಡಿದರು. ಅಕ್ಕ ನನ್ನ ಕಡೆ ತಿರುಗಿ, "ನೋಡ್ದೇನೆ?" ಎಂದು ಕೇಳಿದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ಮದುವೆಯಲ್ಲೂ ನೋಡಿರಲಿಲ್ಲ.

"ನೋಡ್ದೆ" ಎಂದೆ. ನನಗೆ ಆ ದಿನ ಸಿಕ್ಕಿದ್ದು ಬೆರಳುದ್ದದ ಎರಡು ಕೀಜು ಮೀನು, ಅವನ್ನು ನೀರಿಗೇ ಬಿಟ್ಟೆ.

ಯುಗಾದಿ ಆದ ಮೇಲೆ ಕಂಪನಿಯಿಂದ ತಾರೀಕು ಬಂತು. ಜುಲೈ ಮೊದಲ ವಾರ. ಭಾವ ತಲೆ ಮೇಲೆ ಕೈ ಹೊತ್ತು ಕೂತರು. "ಬಿತ್ತನಿ ಟೈಮಿನ್ಯಾಗ ಅಂಗಡಿ ಬಿಟ್ಟು ಹೆಂಗ ಹೋಗ್ಲಿ? ಈಸೂರು ಕಡೀ ರೈತರು ನನ್ನ ನಂಬ್ಕೊಂಡು ಕುಂತಾರ. ನಾನು ಮೀನು ಹಿಡ್ಯಾಕ ಹೋದ್ರ ಅವ್ರು ಬ್ಯಾರೆ ಅಂಗಡಿ ಹಿಡೀತಾರ." ತಾರೀಕು ಬದಲಿಸಲು ಆಗುವುದಿಲ್ಲ, ಬೇಕಾದರೆ ಮನೆಯವರು ಬೇರೆ ಯಾರಾದರೂ ಬರಬಹುದು ಎಂದು ಕಂಪನಿಯವರು ಹೇಳಿದರು. ಆ ಪತ್ರವನ್ನು ಓದಿ ಹೇಳಿದವಳೂ ನಾನೇ. ಬೇರೆ ಯಾರಾದರೂ ಎಂಬ ಮಾತನ್ನು ಓದುವಾಗ ನನ್ನ ಧ್ವನಿ ಒಂದಿಷ್ಟು ಬದಲಾಗಿರಬೇಕು.

ಆ ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಜುಲೈನಲ್ಲಿ ಶಾಲೆ ಇರುತ್ತದೆ, ಆದರೆ ಗಳಿಕೆ ರಜೆ ಇದೆ. ಹೆಡ್ ಮಾಸ್ತರರು ಒಪ್ಪುತ್ತಾರೆ. ಉಲ್ಲನ್ ಬಟ್ಟೆಗೆ ಸಹೋದ್ಯೋಗಿಯೊಬ್ಬಳ ಬಳಿ ಸ್ವೆಟರ್ ಇದೆ. ನಾನು ಹಾಕಿದ ಯೋಜನೆ, ನಾನೇ ಆರಿಸಿದ ದಿನಗಳು, ನಾನೇ ಬೇಕೆಂದ ಸಮುದ್ರ. ದಂಡಾವತಿ ಹೊಳೆಯ ದಂಡೆಯಲ್ಲಿ ಕೂತು, ತೂಕದ ಗುಂಡು ತಳ ಮುಟ್ಟಿದಾಗ ಕೈಗೆ ಹೇಗೆ ಗೊತ್ತಾಗಬಹುದು ಎಂದು ದಾರಕ್ಕೆ ಕಲ್ಲು ಕಟ್ಟಿ ನೀರಿಗೆ ಬಿಟ್ಟು ನೋಡಿದೆ.

ಅಕ್ಕ ಶುಕ್ರವಾರ ಫೋನು ಮಾಡಿದಳು. "ಪಾಸ್‌ಪೋರ್ಟ್ ಇಲ್ದಿರೋರಿಗೆ ಮಾಡಿಸಾಕೆ ಎಷ್ಟು ದಿನ ಹಿಡೀತದೆ?"

"ಬೇಗ ಮಾಡಿಸಬಹುದು" ಎಂದೆ. "ಹುಟ್ಟಿದ ತಾರೀಕಿಗೆ ದಾಖಲೆ ಇದ್ರೆ ಸಾಕು. ಶಾಲೆ ಸರ್ಟಿಫಿಕೇಟ್ ಆದ್ರೂ ನಡೀತದೆ."

"ಅಯ್ಯ, ಅಪ್ಪ ಎಲ್ಲಿ ಶಾಲೆಗೆ ಹೋಗಿದಾರೆ?" ಎಂದಳು. "ಮತ್ತೆ ಏನಾದ್ರೂ ದಾರಿ ಐತಾ ನೋಡೆ. ನಿಂಗಾದ್ರೆ ಇದೆಲ್ಲ ಗೊತ್ತಾಗ್ತದೆ."

ನಾನು ಫೋನಿನ ತಂತಿಯನ್ನು ಬೆರಳಿಗೆ ಸುತ್ತುತ್ತ ನಿಂತೆ. ಅವಳು ಮುಂದುವರಿಸಿದಳು. ನನ್ನನ್ನು ಕರೆಯೋಣ ಎಂದು ಭಾವ ಅಂದರಂತೆ. ಆದರೆ ಅಪ್ಪನಿಗೆ ಎಪ್ಪತ್ತಾಗುತ್ತ ಬಂತು, ಅವರು ಇನ್ಯಾವಾಗ ಸಮುದ್ರ ನೋಡುವುದು, ನಿನಗೇನು ಇನ್ನೂ ವಯಸ್ಸಿದೆ, ಅಲ್ಲವಾ ಎಂದಳು. ಅಪ್ಪ ಅಲ್ಲಿವರೆಗೆ ಸಮುದ್ರ ನೋಡಿರಲಿಲ್ಲ. ಅದು ನಿಜ. ಅವಳು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಜಗಳವಾಡಲು ಒಂದು ಎಳೆಯನ್ನೂ ಅವಳು ನನಗೆ ಬಿಟ್ಟಿರಲಿಲ್ಲ.

"ಸರಿಯಾಗಿ ಯೋಚನೆ ಮಾಡಿದೀಯ" ಎಂದೆ.

ಅಪ್ಪನ ಪಾಸ್‌ಪೋರ್ಟಿಗೆ ಓಡಾಡಿದವಳು ನಾನು, ಹುಟ್ಟಿದ ತಾರೀಕಿಗೆ ಅಫಿಡವಿಟ್ ಮಾಡಿಸಿದವಳೂ ನಾನೇ. ಅವರನ್ನು ಫೋಟೋ ಸ್ಟುಡಿಯೋದಲ್ಲಿ ಕೂರಿಸಿ, ಕಾಲರ್ ಸರಿಮಾಡಿದೆ. ವೀಸಾಕ್ಕೆ ಭಾವ ಅಪ್ಪ, ಅಕ್ಕ ಇಬ್ಬರನ್ನೂ ಮದ್ರಾಸಿಗೆ ಕರೆದುಕೊಂಡು ಹೋಗಿ ಬಂದರು. ಕಿಟಕಿಯ ಆಚೆಗಿದ್ದವನು, ಅಲ್ಲಿ ಹೋಗಿ ಏನು ಮಾಡುತ್ತೀರಿ ಎಂದು ಕೇಳಿದನಂತೆ. ಅಪ್ಪ ಕನ್ನಡದಲ್ಲೇ "ಮೀನು ಹಿಡೀತೀವಿ" ಎಂದು, ಕೈಯಲ್ಲಿ ಗಾಳ ಎಳೆಯುವ ಹಾಗೆ ಮಾಡಿ ತೋರಿಸಿದರಂತೆ. ಅವನು ನಕ್ಕು ಮುದ್ರೆ ಒತ್ತಿದನಂತೆ. ಈ ಕತೆಯನ್ನು ಅಕ್ಕ ಎಲ್ಲರ ಮನೆಯಲ್ಲೂ ಹೇಳಿದಳು. ನಮ್ಮ ಬೀದಿಯವರು ನನಗೂ ಹೇಳಿ ನಗುತ್ತಿದ್ದರು, ನಾನು ಮೊದಲ ಸಲ ಕೇಳುತ್ತಿರುವ ಹಾಗೆ.

ಚಳಿಗೆ ಇರಲಿ ಎಂದು ಅಪ್ಪ ಕಂಬಳಿಯೊಂದನ್ನು ಹಟಹಿಡಿದು ಕಟ್ಟಿಕೊಂಡರು. ಹೊರಡುವ ದಿನ ಬೆಳಗ್ಗೆ ನನ್ನ ತಲೆ ಮೇಲೆ ಕೈಯಿಟ್ಟು, "ನೀನು ಬಂದಿದ್ರೆ ಚೊಲೋ ಇತ್ತು" ಎಂದರು. ಆಮೇಲೆ ಜೀಪಿನಲ್ಲಿ ಮುಂದಿನ ಸೀಟಿಗೆ ಹತ್ತಿದರು. ಅಕ್ಕ ಹಿಂದೆ ಚಟ್ನಿಪುಡಿಯ ಡಬ್ಬಿ ಹಿಡಿದು ಕೂತಿದ್ದಳು.

ಅವರಿಲ್ಲದ ಆ ದಿನಗಳಲ್ಲಿ ಸೊರಬದಲ್ಲಿ ಮಳೆ ಚೆನ್ನಾಗಿಯೇ ಹಿಡಿದಿತ್ತು. ನಾನು ಬೆಳಗ್ಗೆ ಎದ್ದು ಒಬ್ಬಳಿಗೇ ಕಾಫಿ ಮಾಡುವಾಗ, ಅಲ್ಲಿ ಈಗ ಸಂಜೆ, ಆದರೆ ಕತ್ತಲಾಗುವುದಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಇವತ್ತು ಸಾಲ್ಮನ್. ಇವತ್ತು ವಿಶ್ರಾಂತಿ. ಇವತ್ತು ಹ್ಯಾಲಿಬಟ್. ನನ್ನ ಯೋಜನೆಯ ಒಳಗೆ ಅವರಿಬ್ಬರೂ ಹೆಜ್ಜೆಯಿಟ್ಟು ನಡೆಯುತ್ತಿದ್ದರು. ಒಂಬತ್ತನೇ ತರಗತಿಗೆ ಪಾಠ ಮಾಡುತ್ತ ಮಾಡುತ್ತ ಕಿಟಕಿಯ ಹೊರಗೆ ನೋಡಿ ನಿಂತುಬಿಟ್ಟೆನಂತೆ. ಮಕ್ಕಳೇ ಕರೆದು ಎಚ್ಚರಿಸಿದರು. ಆ ವರ್ಷ ಹತ್ ಮೀನು ಹಿಡಿಯಲು ನಾನು ಹೋಗಲಿಲ್ಲ. ಪಕ್ಕದ ಮನೆಯವರು ಒಂದು ಬುಟ್ಟಿ ಮುರುಗೋಡು ತಂದುಕೊಟ್ಟರು. ಸಾರು ಮಾಡಿ ಒಬ್ಬಳೇ ತಿಂದೆ, ರುಚಿ ತಿಳಿಯಲಿಲ್ಲ.

ಅವರು ಬಂದದ್ದು ತೇಲುತ್ತ ಬಂದ ಹಾಗೆ. ಅಪ್ಪನ ಮುಖ ಬಿಸಿಲಿಗೆ ಕಂದಿ ಕೆಂಪಾಗಿತ್ತು. ಫೋಟೋಗಳಲ್ಲಿ ಅಪ್ಪ ಕಿತ್ತಳೆ ಬಣ್ಣದ ಮಳೆಕೋಟಿನೊಳಗೆ ಕಂಬಳಿ ಹೊದ್ದು, ದೋಣಿಯ ತುದಿಯಲ್ಲಿ ರಾಜನ ಹಾಗೆ ಕೂತಿದ್ದರು. ಅಕ್ಕ ಹಲಗೆಯಂಥ ಹ್ಯಾಲಿಬಟ್ಟಿನ ಪಕ್ಕ ನಿಂತಿದ್ದಳು. ಮೀನಿನ ಬಾಲ ಅವಳ ಮೊಣಕಾಲಿಗಿತ್ತು, ತಲೆ ಅವಳ ತಲೆಗಿಂತ ಮೇಲಿತ್ತು.

"ಇದನ್ನ ನೀನೇ ಹಿಡಿದ್ಯಾ?" ಎಂದು ಕೇಳಿದೆ.

"ಎಳ್ದೂ ಎಳ್ದೂ ಕೈ ಸತ್ತೇ ಹೋತು" ಎಂದಳು. "ಬಾವಿಯಿಂದ ರುಬ್ಬುಗುಂಡು ಎತ್ತಿದ ಹಾಂಗೆ. ಅಪ್ಪ ಹಿಂದೆ ನಿಂತ್ಕೊಂಡು ಸೊಂಟ ಹಿಡ್ಕೊಂಡಿದ್ರು, ಇಲ್ದಿದ್ರೆ ನಾನೂ ನೀರಿಗೇ ಹೋಗ್ತಿದ್ದೆ."

ಅಪ್ಪ ಸಾಲ್ಮನ್ ಬಗ್ಗೆ ಹೇಳಿದರು. ಅವರ ಗಾಳಕ್ಕೆ ಬಿದ್ದದ್ದು ನೀರಿನಿಂದ ಮೇಲಕ್ಕೆ ಹಾರಿ ಹಾರಿ ಬಿತ್ತಂತೆ. ದೋಣಿಯ ಪಕ್ಕಕ್ಕೆ ಬಂದ ಮೇಲೆ ಅದರ ಹೊಟ್ಟೆ ಮುಟ್ಟಿ ನೋಡಿ, ಮೊಟ್ಟೆ ತುಂಬಿದೆ, ಬಿಟ್ಟುಬಿಡಿ ಎಂದು ಸನ್ನೆ ಮಾಡಿದರಂತೆ. ಗೈಡಿಗೆ ಅದು ಬಹಳ ಮೆಚ್ಚುಗೆಯಾಯಿತಂತೆ.

"ಗೈಡ್ ಹ್ಯಾಂಗಿದ್ದ?" ಎಂದೆ.

"ಇದ್ದ ಅಲ್ಲ ಕಣೆ, ಇದ್ಲು" ಎಂದರು ಅಪ್ಪ. "ನಿನ್ನ ವಯಸ್ಸಿನ ಹೆಂಗಸು. ಬೋಟು ಅವಳದ್ದೇಯ. ಹಗ್ಗ ಎಸೆಯಾದು, ಇಂಜಿನ್ ನೋಡಾದು, ಮೀನು ಎಲ್ಲಿ ಕೂತಿರ್ತದೆ ಅಂತ ಹೇಳಾದು, ಎಲ್ಲ ಅವಳೇಯ. ಅದೇ ಅವಳ ಉದ್ಯೋಗ."

ಅಕ್ಕನ ಮೇಲೆ, ಅಪ್ಪನ ಮೇಲೆ ಇದ್ದ ಹೊಟ್ಟೆಕಿಚ್ಚನ್ನೆಲ್ಲ ಅಷ್ಟು ದಿನ ನಾನು ಹೇಗೋ ಹೊತ್ತುಕೊಂಡಿದ್ದೆ. ಆ ಕಾಣದ ಹೆಂಗಸಿನ ಮೇಲೆ ಹುಟ್ಟಿದ್ದು ಮಾತ್ರ ಬೇರೆ ಥರದ್ದು. ಎದ್ದು ದೋಣಿಗೆ ಹೋಗುವುದೇ ಕೆಲಸ, ನೀರು ನೋಡುವುದೇ ಸಂಬಳ. ನನ್ನ ವಯಸ್ಸಿನವಳು. ನಾನು ಒಳಗೆ ಹೋಗಿ ಚೊಂಬಿನಲ್ಲಿ ನೀರು ಕುಡಿದೆ, ಅನ್ನಕ್ಕೆ ಇಟ್ಟೆ, ಮತ್ತೆ ಹೊರಗೆ ಬಂದು ಉಳಿದ ಫೋಟೋಗಳನ್ನು ನೋಡಿದೆ. ಒಂದರ ಅಂಚಿನಲ್ಲಿ ಅವಳ ತೋಳು ಮಾತ್ರ ಕಾಣುತ್ತಿತ್ತು, ಮೊಣಕೈವರೆಗೆ ಮಡಿಸಿದ ಅಂಗಿ, ಕೈಯಲ್ಲಿ ಕೊಕ್ಕೆ.

ನಮ್ಮ ಶಾಲೆಯ ಕನ್ನಡ ಟೀಚರ ತವರು ಹೊನ್ನಾವರ. ದಸರಾ ರಜೆಗೆ ಅವಳು ಊರಿಗೆ ಹೊರಟಾಗ, ನಾನೂ ಬರುತ್ತೇನೆ, ಶರಾವತಿ ಸಮುದ್ರ ಸೇರುವ ಕಡೆ ಗಾಳ ಹಾಕಿಸುವವರು ಯಾರಾದರೂ ಇದ್ದಾರಾ ಎಂದು ಕೇಳಿದೆ. ಅವಳು ನನ್ನನ್ನು ಒಂದು ಥರ ನೋಡಿದಳು. ಆದರೆ ಅವರ ಮನೆಯ ಪಕ್ಕದ ಮುದುಕರೊಬ್ಬರು ದೋಣಿಯಿಟ್ಟುಕೊಂಡಿದ್ದರು, ಕೇಳಿ ನೋಡುವುದಾಗಿ ಹೇಳಿದಳು. ಅಪ್ಪನಿಗೆ ಗೆಳತಿಯ ಊರು ನೋಡಿ ಬರುತ್ತೇನೆ ಎಂದಷ್ಟೇ ಹೇಳಿದೆ. ಅವರನ್ನು ಶಿಕಾರಿಪುರದಲ್ಲಿ ಅಕ್ಕನ ಮನೆಗೆ ಬಿಟ್ಟು, ಸಾಗರ, ಜೋಗದ ದಾರಿಯಲ್ಲಿ ಬಸ್ಸಿನಲ್ಲಿ ಘಟ್ಟ ಇಳಿದುಹೋದೆ. ಅಕ್ಕನಿಗೆ ಹಾಕಿದ ಯೋಜನೆಯಷ್ಟೇ ಜೋಪಾನವಾಗಿ ಇದಕ್ಕೂ ಹಾಕಿದ್ದೆ. ತಲೆಸುತ್ತಿಗೆ ಮಾತ್ರೆ, ಟೋಪಿ, ಕೈಗೆ ಸುತ್ತಿಕೊಳ್ಳಲು ಬಟ್ಟೆ.

ದೋಣಿಯವರು ಮೊದಲು ನಂಬಲಿಲ್ಲ. "ಟೀಚರ್ ಬಾಯಿ, ನೀವು ದಡದಲ್ಲಿ ಕೂತ್ಕಳಿ, ನಾ ಹಿಡ್ದು ತಂದು ಕೊಡ್ತೆ" ಎಂದರು. ನಾನು ಅವರ ಬುಟ್ಟಿಯಿಂದ ಜೀವಂತ ಸಿಗಡಿಯೊಂದನ್ನು ಎತ್ತಿ, ಬೆನ್ನಿನ ಮೇಲುಭಾಗದಲ್ಲಿ ಹದವಾಗಿ ಕೊಕ್ಕೆಗೆ ಏರಿಸಿದೆ. ಅವರು ದೋಣಿ ಬಿಚ್ಚಿ ಹುಟ್ಟು ಹಾಕಿದರು.

ಅಳಿವೆಯ ನೀರು ಒಂದು ಬದಿ ಕಂದು, ಒಂದು ಬದಿ ಹಸಿರು. ದೋಣಿ ಆಡತೊಡಗಿದ ಕೂಡಲೇ ನನಗೆ ಹೊಟ್ಟೆ ತೊಳೆಸಿತು. ಮಾತ್ರೆ ಏನೂ ಕೆಲಸ ಮಾಡಲಿಲ್ಲ. ಅಂಚಿಗೆ ಬಗ್ಗಿ ಕಾರಿಕೊಂಡೆ, ಬಾಯಿ ತೊಳೆದೆ, ಮತ್ತೆ ದಾರ ಹಿಡಿದೆ. ಬಿಸಿಲು ಏರಿತು. ದಾರ ಬೆರಳಿನ ಮೇಲೆ ಸಣ್ಣಗೆ ಮಿಡಿಯುತ್ತಿತ್ತು, ನೀರಿನದೋ ಮೀನಿನದೋ ತಿಳಿಯುತ್ತಿರಲಿಲ್ಲ. ಯಾರೂ "ಈಗ" ಅನ್ನಲಿಲ್ಲ. ನಾನೇ ಎಳೆದೆ.

ಅದು ಕಾಗಳಸಿ ಎಂಬ ಮೀನು. ತಾಮ್ರದ ಬಣ್ಣ, ನಾಯಿಯ ಹಲ್ಲಿನಂಥ ಹಲ್ಲು. ಕೈಗೆ ಸುತ್ತಿದ್ದ ಬಟ್ಟೆಯನ್ನು ಸೀಳಿ ದಾರ ಅಂಗೈ ಕೊಯ್ದಿತ್ತು. ದೋಣಿಯ ತಳದಲ್ಲಿ ಅದು ಪಟಪಟನೆ ಬಡಿದುಕೊಳ್ಳುವಾಗ ನಾನು ಅಳುತ್ತಿದ್ದೆ. ದೋಣಿಯವರು, ಗಾಯಕ್ಕೆ ಉಪ್ಪುನೀರು ತಾಗಿ ಉರಿಯುತ್ತಿದೆಯೇನೋ ಎಂದುಕೊಂಡು, ಕುಡಿಯುವ ನೀರಿನಲ್ಲಿ ನನ್ನ ಕೈ ತೊಳೆದರು. ಮೀನನ್ನು ಗೆಳತಿಯ ಮನೆಯಲ್ಲಿ ತೆಂಗಿನಕಾಯಿ ಅರೆದು ಸಾರು ಮಾಡಿದರು. ಎರಡು ಸಲ ಬಡಿಸಿಕೊಂಡೆ.

ಯಾರಿಗೂ ಹೇಳುವುದಿಲ್ಲ, ನನ್ನದೊಂದು ನನಗೇ ಇರಲಿ ಎಂದುಕೊಂಡೇ ವಾಪಸು ಬಂದೆ. ಶಿಕಾರಿಪುರದಲ್ಲಿ ಅಕ್ಕನ ಮನೆಯ ಮೆಟ್ಟಿಲು ಹತ್ತುವಾಗಲೂ ಹಾಗೇ ಇತ್ತು ಮನಸ್ಸು. ಅಪ್ಪ ಅಂಗೈಯ ಗಾಯ ನೋಡಿದರು.

"ದಾರದ್ದು" ಎಂದರು. ಕೇಳಲಿಲ್ಲ, ಹೇಳಿದರು.

ಎಲ್ಲ ಹೇಳಿಬಿಟ್ಟೆ. ಅಪ್ಪ ಮುಂದಕ್ಕೆ ಬಗ್ಗಿ ಕೇಳಿದರು. ದಾರ ಎಷ್ಟು ದಪ್ಪ, ಸಿಗಡಿ ಯಾವ ಕಡೆ ಚುಚ್ಚಿದೆ, ಏರುನೀರೋ ಇಳಿನೀರೋ, ಮೊದಲ ಎಳೆತಕ್ಕೆ ಎಷ್ಟು ಬಿಟ್ಟೆ. ಒಂದೊಂದಕ್ಕೂ ಉತ್ತರ ಕೊಡುತ್ತ ಹೋದಂತೆ ನನ್ನ ಎದೆ ಹಗುರಾಗುತ್ತಿತ್ತು. ಅಲಾಸ್ಕದ ಕತೆ ಹೇಳುವಾಗಲೂ ಅಪ್ಪನ ಕಣ್ಣು ಹೀಗೆ ಹೊಳೆದಿರಲಿಲ್ಲ ಎಂದು ನನಗನ್ನಿಸಿತು, ಅಥವಾ ನಾನು ಹಾಗೆ ಅಂದುಕೊಂಡೆ.

ಆಮೇಲೆ ಅವರು ಅಡುಗೆ ಮನೆಯ ಕಡೆ ತಿರುಗಿ, "ಬಾರೆ ಇಲ್ಲಿ, ತಂಗಿ ಏನ್ ಮಾಡಿ ಬಂದಾಳೆ ಕೇಳು" ಎಂದು ಅಕ್ಕನನ್ನು ಕರೆದರು. ನನಗೆ, "ಮುಂದಿನ ಸಲ ಅವಳನ್ನೂ ಕರ್ಕಂಡು ಹೋಗು. ಅವಳಿಗೂ ಈಗ ಕೈ ಕೂಡೈತೆ" ಎಂದರು.

ಅಕ್ಕ ಸೆರಗಿಗೆ ಕೈ ಒರೆಸುತ್ತ ಬಂದು, ಎಲ್ಲವನ್ನೂ ಮತ್ತೆ ಮೊದಲಿಂದ ಹೇಳಿಸಿದಳು. ಹೇಳುತ್ತ ಹೇಳುತ್ತ ನನಗೆ ಕತೆ ಸಣ್ಣದಾಗುತ್ತಿರುವ ಹಾಗೆ ಅನ್ನಿಸಿತು.

"ಯಾವಾಗ ಹೋಗಾಣ?" ಎಂದಳು.

"ದೋಣಿ ಸಣ್ಣದು" ಎಂದೆ. "ಮೂರು ಜನ ಹಿಡಿಸಾದಿಲ್ಲ."

"ಮೂರು ಯಾಕೆ? ಅಪ್ಪ ಇಲ್ಲೇ ಇರ್ಲಿ. ನೀನು, ನಾನು ಸಾಕು" ಎಂದಳು ಅಕ್ಕ, ಅದರಲ್ಲೇನು ಎನ್ನುವ ಹಾಗೆ.

ಡಿಸೆಂಬರಿನಲ್ಲಿ ಇಬ್ಬರೂ ಹೋದೆವು. ಯೋಜನೆ ನನ್ನದೇ. ಅವಳಿಗೆ ತಲೆ ಸುತ್ತಲಿಲ್ಲ. ಸಿಗಡಿಯನ್ನು ತಾನೇ ಎತ್ತಿ ಕೊಕ್ಕೆಗೆ ಸಿಕ್ಕಿಸಿದಳು. ದಾರವನ್ನು ನೀರಿಗೆ ಬಿಟ್ಟು ದೋಣಿಯವರ ಹತ್ತಿರ ಅವರ ಮಕ್ಕಳು ಮರಿಗಳ ವಿಚಾರ ಮಾತಾಡುತ್ತ ಕೂತಳು. ದೊಡ್ಡ ಮೀನು ಅವಳಿಗೇ ಬಿತ್ತು.